ಒಂದು ಗಂಟೆ ಗೊರಿಲ್ಲಾ ನೋಡಲು 800 ಡಾಲರ್ ಕೊಡಬೇಕೇ?

ಉಗಾಂಡಾದ ಬ್ವಿಂಡಿ ಕಾಡಿಗೆ ಹೋಗಬೇಕೆಂದಿದ್ದೀರಿ. ಗೊರಿಲ್ಲಾ ನೋಡುವ ಪರವಾನಗಿಗೆ ಅಷ್ಟು ಹಣ ತೆರುವುದು ಸರಿಯೇ, ಐವತ್ತು ದಾಟಿದವರು ನಡೆಯಬಲ್ಲರೇ ಎಂದು ಕೇಳಿದ್ದೀರಿ. ಹೋಗಿಬಂದವಳಾಗಿ ಹೇಳುತ್ತೇನೆ, ಎರಡಕ್ಕೂ ಹೌದು.

ನಡಿಗೆ ಎಷ್ಟೆಂದು ಮೊದಲೇ ಯಾರೂ ಹೇಳಲಾರರು. ಗೊರಿಲ್ಲಾಗಳು ಪ್ರತಿ ರಾತ್ರಿ ಹೊಸ ಜಾಗದಲ್ಲಿ ಸೊಪ್ಪುಸದೆ ಮಡಚಿ ಗೂಡು ಮಾಡಿಕೊಂಡು ಮಲಗುತ್ತವೆ. ಬೆಳಗಾಗುತ್ತಲೇ ಕಾಡು ಹೊಕ್ಕ ಜಾಡುಗಾರರು ಆ ಗೂಡುಗಳಿಂದ ಜಾಡು ಹಿಡಿದು ನಮ್ಮ ಮಾರ್ಗದರ್ಶಿಗೆ ಸುದ್ದಿ ಕೊಡುತ್ತಾರೆ. ಒಂದು ಗಂಟೆಯಲ್ಲೇ ಕಾಣಬಹುದು, ಐದು ಗಂಟೆಯೂ ಆಗಬಹುದು. ಕಡಿದಾದ ಇಳಿಜಾರು, ಕೆಸರು, ಕಾಲಿಗೆ ತೊಡರುವ ಬಳ್ಳಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ತುರಚೆ ಗಿಡಗಳಿಗಾಗಿ ದಪ್ಪ ಕೈಗವಸು ಬೇಕು. ಸ್ಥಳೀಯ ಹೊರೆಯಾಳನ್ನು ಖಂಡಿತ ಕರೆದುಕೊಳ್ಳಿ. ಚೀಲ ಹೊರುವುದಕ್ಕಿಂತ ಜಾರುವಲ್ಲಿ ಅವರು ಚಾಚುವ ಕೈಯೇ ಹೆಚ್ಚು ಉಪಯೋಗ.

ಇನ್ನು ಹಣ. ಕಾಡಿನ ಗೊರಿಲ್ಲಾ ತಾನಾಗಿ ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸಿಬ್ಬಂದಿ ಸುಮಾರು ಎರಡು ವರ್ಷ ದಿನವೂ ಒಂದೇ ಗುಂಪಿನ ಬಳಿ ಹೋಗುತ್ತಾರೆ. ಬೆನ್ನು ಬೆಳ್ಳಗಾದ ಹಿರಿಯ ಗಂಡು ಎದೆ ಬಡಿದು ಮೇಲೇರಿ ಬಂದರೂ ಓಡದೆ ತಗ್ಗಿ ಕುಳಿತು, ಗಂಟಲಲ್ಲಿ ಮೆಲ್ಲನೆ ಗುರುಗುಟ್ಟಿ, ತಮ್ಮಿಂದ ಅಪಾಯವಿಲ್ಲವೆಂದು ತೋರಿಸುತ್ತಾರೆ. ನಮಗೆ ಸಿಗುವ ಒಂದು ಗಂಟೆಯ ಹಿಂದೆ ಇಷ್ಟು ತಾಳ್ಮೆ ಇದೆ. ಹೀಗೆ ಪಳಗಿದ ಗುಂಪನ್ನು ದಿನಕ್ಕೆ ಎಂಟು ಪ್ರವಾಸಿಗರು ಮಾತ್ರ ನೋಡಬಹುದು, ಹತ್ತು ಮೀಟರ್ ದೂರದಿಂದ, ಮುಖಗವಸು ಧರಿಸಿ. ನಮ್ಮ ನೆಗಡಿ ಅವಕ್ಕೆ ಪ್ರಾಣಾಂತಕವಾಗಬಲ್ಲದು. ದಯವಿಟ್ಟು ಕೆಮ್ಮಿದ್ದರೆ ಹೋಗಬೇಡಿ, ಕೊಟ್ಟ ಹಣ ಹೋದರೂ ಸರಿ.

ಇಂಥ ಕಾವಲಿನ ನೆರವಿನಿಂದ 2018ರ ಹೊತ್ತಿಗೆ ಪರ್ವತ ಗೊರಿಲ್ಲಾಗಳು ಸಾವಿರ ದಾಟಿದವು. ಅದೇ ವರ್ಷ ಅವನ್ನು ಅಳಿವಿನ 'ತೀವ್ರ ಅಪಾಯ'ದ ಪಟ್ಟಿಯಿಂದ ಒಂದು ಹಂತ ಕೆಳಗಿಳಿಸಲಾಯಿತು. ಆದರೆ 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿನ ಮೂಲನಿವಾಸಿಗಳಾದ ಬಟ್ವಾ ಜನರನ್ನು ಅವರ ಕಾಡಿನಿಂದಲೇ ಹೊರಹಾಕಿದರು. ಆ ಅನ್ಯಾಯ ಇನ್ನೂ ಸರಿಹೋಗಿಲ್ಲವೆಂದೇ ನನ್ನ ಅಭಿಪ್ರಾಯ. ಅವರ ಕರಕುಶಲ ವಸ್ತುಗಳನ್ನು ಅವರ ಕೈಯಿಂದಲೇ ಕೊಳ್ಳಿ.

ರುವಾಂಡಾದಲ್ಲಿ ಇದೇ ಪರವಾನಗಿಗೆ 1500 ಡಾಲರ್. ಬ್ವಿಂಡಿಯ ದಕ್ಷಿಣದ ರುಶಾಗಾ ಭಾಗಕ್ಕಾದರೆ ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣಕ್ಕಿಂತ ರುವಾಂಡಾದ ಕಿಗಾಲಿಯಲ್ಲಿ ಇಳಿಯುವುದು ಹತ್ತಿರ. ಪರವಾನಗಿ ಯಾವ ಭಾಗಕ್ಕೆ ಸಿಕ್ಕಿದೆಯೋ ಅಲ್ಲೇ ತಂಗಿ; ಭಾಗದಿಂದ ಭಾಗಕ್ಕೆ ಬೆಟ್ಟದ ರಸ್ತೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವನ್ನು ಉಗಾಂಡಾದಿಂದ ಮರಳುವಾಗ ಭಾರತದ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ.