ತಂಡದ ಹೊಂದಾಣಿಕೆ ಚೆನ್ನಾಗಿದ್ದರೆ ಆಸ್ಪತ್ರೆ ಸಿಬ್ಬಂದಿಯ ಬರ್ನ್‌ಔಟ್ ಕಡಿಮೆಯಾಗುತ್ತದೆಯೇ?

ಹೌದು, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಮೂವರ ಕೆಲಸ ಒಬ್ಬರ ಮೇಲೆ ಬಿದ್ದಿದ್ದರೆ ಹೊಂದಾಣಿಕೆಯೊಂದೇ ಸಾಲದು, ಅಲ್ಲಿ ಮೊದಲು ಜನ ಬೇಕು. ಬರ್ನ್‌ಔಟ್ ಬರೀ ದಣಿವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ವಿವರಣೆಯಲ್ಲಿ ಮೂರು ಲಕ್ಷಣಗಳಿವೆ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನಿಸುವುದು.

ಒಳ್ಳೆಯ ತಂಡ ಇಳಿಸುವುದು ಮುಖ್ಯವಾಗಿ ಅನಿಶ್ಚಿತತೆಯ ಭಾರವನ್ನು. ಯಾದಗಿರಿ ಕಡೆಯ ಒಂದು ಹೆರಿಗೆ ವಾರ್ಡ್ ಅಂದುಕೊಳ್ಳಿ. ರಾತ್ರಿ 8ಕ್ಕೆ ಡ್ಯೂಟಿ ಬದಲಾಗುತ್ತದೆ. ಬಿ.ಪಿ. ಏರಿ ಫಿಟ್ಸ್ ಬಂದ ಬಾಣಂತಿಗೆ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ 4 ಗಂಟೆಗೊಮ್ಮೆ ನಡೆದಿದೆ. ಹಿಂದಿನ ಡೋಸ್ ಎಷ್ಟು ಗಂಟೆಗೆ ಕೊಟ್ಟಿದ್ದು, ಮೂತ್ರ ಎಷ್ಟು ಹೋಗಿದೆ, ಮೊಣಕಾಲು ತಟ್ಟಿದರೆ ಕಾಲು ಎಗರುತ್ತದೆಯೇ (ಎಗರದಿದ್ದರೆ ಔಷಧ ಹೆಚ್ಚಾಗಿರಬಹುದು)? ಇಷ್ಟನ್ನು ಹಾಸಿಗೆ ಪಕ್ಕ ನಿಂತು ಹೇಳಲು ಎರಡು ನಿಮಿಷ ಸಾಕು. ಹೇಳದೆ ಹೋದರೆ ಬಂದ ನರ್ಸ್ ಕೇಸ್‌ಶೀಟ್ ತಡಕಾಡಬೇಕು, ಮನೆಗೆ ಹೊರಟವರಿಗೆ ಫೋನ್ ಹಚ್ಚಬೇಕು. ಒಂದೇ ಡೋಸ್ ತಪ್ಪಾಗಿ ಎರಡು ಸಲ ಹೋದರೆ ರೋಗಿಯ ಉಸಿರೇ ನಿಲ್ಲಬಹುದು. ಈ ಭಯವನ್ನು ದಿನಾ ಒಬ್ಬರೇ ಹೊತ್ತು ರಾತ್ರಿ ಕಳೆಯುವುದು ನಿಜಕ್ಕೂ ಜೀವ ಹಿಂಡುವಂಥದ್ದು.

ಕರೆದಾಗ ವೈದ್ಯರು ಹೇಗೆ ಮಾತಾಡುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಒಮ್ಮೆ ರೇಗಿದರೆ, ಮುಂದಿನ ಸಲ ಅನುಮಾನ ಬಂದರೂ ನರ್ಸ್ ಕರೆಯಲು ಹಿಂಜರಿಯುತ್ತಾರೆ.