ಸ್ಮಾಲ್‌ಟಾಕ್ ಕಲಿಯೋಕೆ ದುಡ್ಡು ಬೇಕಾ?

ಪ್ರಶ್ನೆ: ನಮ್ಮ ಊರು ಇಳಕಲ್. ವಿಜಯಪುರದ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ 2ನೇ ವರ್ಷ ಓದುತ್ತಿದ್ದೇನೆ. ಜಾವಾ ಪಾಠದ ನಡುವೆ ನಮ್ಮ ಮೇಡಂ, ಆಬ್ಜೆಕ್ಟ್ ಅಂದರೆ ಏನು ಅಂತ ಸರಿಯಾಗಿ ತಿಳಿಯಬೇಕಾದರೆ ಒಮ್ಮೆ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ನೋಡಿ ಅಂದರು. ಹುಡುಕಿದರೆ ನಾಲ್ಕೈದು ಹೆಸರು ಬರುತ್ತವೆ. ಯಾವುದು ಪುಕ್ಕಟೆ ಅಂತಲೇ ತಿಳಿಯುತ್ತಿಲ್ಲ. ಲ್ಯಾಪ್‌ಟಾಪ್ ಹಳೆಯದು, ಇಂಟರ್ನೆಟ್ ಮೊಬೈಲಿನದ್ದು.
– ವಿದ್ಯಾರ್ಥಿ, ವಿಜಯಪುರ

ಉತ್ತರ: ಒಂದು ಪೈಸೆಯೂ ಬೇಡ. ಫಾರೋ ಎಂಬ ಪುಕ್ಕಟೆ ಸ್ಮಾಲ್‌ಟಾಕ್ ಇಳಿಸಿಕೊಳ್ಳಿ.

ಸ್ಮಾಲ್‌ಟಾಕ್ ಹುಟ್ಟಿದ್ದು 1970ರ ದಶಕದಲ್ಲಿ, ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಇವರೆಲ್ಲ ಸೇರಿ ಕಟ್ಟಿದ ಭಾಷೆ. ಮುಂದೆ ಕೇ ಮತ್ತು ಇಂಗಲ್ಸ್ ಆಪಲ್‌ನಲ್ಲಿದ್ದಾಗ 1996ರಲ್ಲಿ ಸ್ಕ್ವೀಕ್ ಎಂಬ ಸ್ಮಾಲ್‌ಟಾಕ್ ಹೊರತಂದರು, ಅದರಿಂದ 2008ರಲ್ಲಿ ಫಾರೋ ಕವಲೊಡೆಯಿತು. ಫಾರೋ ಎಂಐಟಿ ಲೈಸನ್ಸ್‌ನಲ್ಲಿದೆ, ಅಂದರೆ ಕಲಿಯಿರಿ, ಬದಲಾಯಿಸಿ, ನಾಳೆ ಅದರಲ್ಲೇ ಏನಾದರೂ ಮಾಡಿ ಮಾರಿದರೂ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಕೆಲವು ಕಂಪನಿಗಳ ಸ್ಮಾಲ್‌ಟಾಕ್ ಕಲಿಯುವವರಿಗೆ ಮಾತ್ರ ಪುಕ್ಕಟೆ, ವ್ಯಾಪಾರಕ್ಕೆ ಬಳಸಿದರೆ ದುಡ್ಡು. ಈ ವ್ಯತ್ಯಾಸ ಮೊದಲೇ ನೋಡಿಕೊಳ್ಳಿ.

ಲ್ಯಾಪ್‌ಟಾಪ್ 32 ಬಿಟ್‌ನದ್ದಾಗಿದ್ದರೆ ಸ್ಕ್ವೀಕ್ ಹಾಕಿಕೊಳ್ಳಿ, ಕಲಿಕೆಗೆ ಏನೂ ಕೊರತೆ ಆಗುವುದಿಲ್ಲ. ಗ್ನೂ ಸ್ಮಾಲ್‌ಟಾಕ್ ಅಂತಲೂ ಒಂದಿದೆ, ಅದರಲ್ಲಿ ಸಾದಾ ಫೈಲಿನಲ್ಲಿ ಬರೆದು ಟರ್ಮಿನಲ್‌ನಲ್ಲಿ ಓಡಿಸಬಹುದು, ಆದರೆ ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಸ್ಮಾಲ್‌ಟಾಕ್‌ನ ರುಚಿ ಇರುವುದೇ ಅದರ ಕಿಟಕಿಗಳ ಒಳಗೆ, ಯಾವ ಕ್ಲಾಸನ್ನಾದರೂ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು) ತೆರೆದು ಅದರ ಕೋಡ್ ಓದುವುದರಲ್ಲಿ.

ಫಾರೋ ತೆರೆದ ಮೇಲೆ ಪ್ಲೇಗ್ರೌಂಡ್‌ನಲ್ಲಿ, ಅಂದರೆ ಕೋಡ್ ಬರೆದು ನೋಡುವ ಕಿಟಕಿಯಲ್ಲಿ, 3 + 4 * 2 ಅಂತ ಬರೆದು 'ಪ್ರಿಂಟ್ ಇಟ್' ಕೊಡಿ, ಉತ್ತರ ತೆರೆಯ ಮೇಲೆಯೇ ಬರುತ್ತದೆ. 11 ಬರಬೇಕಿತ್ತು ಅಲ್ವಾ? 14 ಬರುತ್ತದೆ. ಇಲ್ಲಿ 3 ಕೂಡ ಒಂದು ಆಬ್ಜೆಕ್ಟ್, ಅಂದರೆ ಸಂದೇಶ ಕಳಿಸಿದರೆ ತಾನೇ ಉತ್ತರ ಕೊಡುವ ವಸ್ತು. ಅದಕ್ಕೆ ಮೊದಲು '4 ಕೂಡಿಸು' ಎಂಬ ಸಂದೇಶ ಹೋಗುತ್ತದೆ, ಬಂದ 7ಕ್ಕೆ '2ರಿಂದ ಗುಣಿಸು' ಎಂಬ ಸಂದೇಶ. ನಿಮ್ಮ ಮೇಡಂ ಹೇಳಿದ್ದು ಇದನ್ನೇ ಇರಬೇಕು. ಆಮೇಲೆ ನಿಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನೇ ಬರೆದು ನೋಡಿ: ಗಿರಾಕಿ ಒಂದು ಆಬ್ಜೆಕ್ಟ್, ಎಷ್ಟು ಬಾಕಿ ಅಂತ ಕೇಳಿದರೆ ಅವನೇ ಹೇಳಬೇಕು.

ಇನ್ನೊಂದು ಅನುಕೂಲವಿದೆ. ನೀವು ಮಾಡಿದ್ದೆಲ್ಲ, ತೆರೆದಿಟ್ಟ ಕಿಟಕಿಗಳೂ ಸೇರಿ, ಇಮೇಜ್ ಎಂಬ ಒಂದೇ ಫೈಲಿನಲ್ಲಿ ಉಳಿಯುತ್ತದೆ. ಹಾಸ್ಟೆಲ್‌ನ ವಿಂಡೋಸ್‌ನಲ್ಲಿ ಸೇವ್ ಮಾಡಿದ್ದನ್ನು ಲ್ಯಾಬಿನ ಲಿನಕ್ಸ್‌ನಲ್ಲಿ ತೆರೆಯಬಹುದು, ಆ ಯಂತ್ರಕ್ಕೆ ತಕ್ಕ ವಿಎಂ (ಇಮೇಜನ್ನು ಓಡಿಸುವ ಪ್ರೋಗ್ರಾಂ) ಇದ್ದರೆ ಸಾಕು. ರಜೆಗೆ ಇಳಕಲ್‌ಗೆ ಹೋಗುವಾಗ ಪೆನ್‌ಡ್ರೈವ್‌ಗೆ ಇಮೇಜ್ ಒಂದನ್ನೇ ಹಾಕಿಕೊಂಡು ಹೋಗಬೇಡಿ. ನೀವು ಬರೆದ ಕೋಡ್‌ನ ಅಕ್ಷರರೂಪ ಮಾತ್ರ ಪಕ್ಕದ ಚೇಂಜಸ್ ಫೈಲಿನಲ್ಲಿರುತ್ತದೆ. ಇಡೀ ಫೋಲ್ಡರನ್ನೇ ಕಾಪಿ ಮಾಡಿ.