ಹರ್ನಿಯಾ ಆಪರೇಷನ್ ಆಯ್ತಾ? ಹಾಗಾದ್ರೆ ಮಲಗಬೇಡಿ, ಎದ್ದು ಓಡಾಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹರ್ನಿಯಾದ್ದೇ ಜಾಸ್ತಿ. ಅದರಲ್ಲೂ ಎಲ್ಲರದ್ದೂ ಒಂದೇ ಮಾತು: 'ಎಷ್ಟು ತಿಂಗಳು ಬೆಡ್ ರೆಸ್ಟ್?' ಓಪಿಡಿಯಲ್ಲೂ ದಿನಾ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ಹಾಗಾಗಿ ಇವತ್ತು ಮುಕ್ಕಾಲು ಜಾಗ ಅದಕ್ಕೇ. ಹರ್ನಿಯಾ ಅಂದರೆ ಹೊಟ್ಟೆಯ ಗೋಡೆಯಲ್ಲಿ ತೂತಾಗಿ ಒಳಗಿನ ಕರುಳೋ ಕೊಬ್ಬೋ ಹೊರಗೆ ಉಬ್ಬುವುದು, ಅದನ್ನು ಮೊದಲಿಂದ ಹೇಳುತ್ತಾ ಕೂರುವುದಿಲ್ಲ.

ಡಾಕ್ಟ್ರೇ, ನನಗೆ 47 ವರ್ಷ. ರಾಜಾಜಿನಗರದಲ್ಲಿ ದಿನಸಿ ಅಂಗಡಿ ಇದೆ. ಬಲಗಡೆ ತೊಡೆಸಂದಿನಲ್ಲಿ ಹರ್ನಿಯಾ, ಮುಂದಿನ ವಾರ ಮೆಶ್ (ಬಲೆಯಂಥ ತುಂಡು) ಹಾಕಿ ಆಪರೇಷನ್. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೂರು ತಿಂಗಳು ಹಾಸಿಗೆಯಲ್ಲೇ ಇರಬೇಕು, ಮೆಟ್ಟಿಲು ಹತ್ತಲೇಬಾರದು ಅಂತ ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ನಿಜವಾಗಿ ಏನೇನಾಗುತ್ತೆ?

ಅಕ್ಕಪಕ್ಕದವರ ಮಾತು ಬಿಡಿ. ಆಪರೇಷನ್ ಆದ ದಿನ ಸಂಜೆಯೇ ನಿಮ್ಮನ್ನು ಎಬ್ಬಿಸಿ ನಡೆಸುತ್ತಾರೆ. ಮನೆಗೆ ಹೋಗುವಾಗ ಮೆಟ್ಟಿಲನ್ನೂ ನೀವೇ ಹತ್ತುತ್ತೀರಿ, ನಿಧಾನಕ್ಕೆ. ಸುಮ್ನೆ ಮಲಗಿದವರಿಗೇ ತೊಂದರೆ ಜಾಸ್ತಿ. ಮಲಬದ್ಧತೆ ಆಗುತ್ತೆ, ಕಫ ಕಟ್ಟುತ್ತೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಈ ಕೊನೆಯದು ಪ್ರಾಣಕ್ಕೇ ಕುತ್ತು.

ಮೊದಲು ಆಪರೇಷನ್‌ಗೆ ಮುಂಚಿನ ಮಾತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಈಗಲೇ ಹೇಳಿ. ಸಿಗರೇಟು, ಬೀಡಿ ಇದ್ದರೆ ಇವತ್ತೇ ನಿಲ್ಲಿಸಿ. ಕೆಮ್ಮು ಇದ್ದರೆ ಮುಚ್ಚಿಡಬೇಡಿ. 'ಬರೀ ಹೊಟ್ಟೆಯಲ್ಲಿ ಬನ್ನಿ' ಅಂದರೆ ಕಾಫಿಯೂ ಬೇಡ. ಹಾಲು ಹಾಕಿದ ಕಾಫಿ ಊಟಕ್ಕೆ ಸಮ. ಆರು ಗಂಟೆ ಮೊದಲೇ ನಿಲ್ಲಿಸಬೇಕು. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದು ಬಂದವರ ಆಪರೇಷನ್ ಮುಂದಕ್ಕೆ ಹೋಗುತ್ತೆ. ಆಮೇಲೆ ಮನೆಯವರು ನಮ್ಮ ಮೇಲೆ ರೇಗುತ್ತಾರೆ.

ಓಪನ್ ಆಪರೇಷನ್ ಆದರೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್, ತೊಡೆಸಂದಿನ ಮೇಲೆ ಒಂದು ಗಾಯ. ಲ್ಯಾಪ್ರೋಸ್ಕೋಪಿ, ಅಂದರೆ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್ ಆದರೆ ಮೂರು ಸಣ್ಣ ತೂತು, ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಲ್ಯಾಪ್ರೋಸ್ಕೋಪಿಯಲ್ಲಿ ನೋವು ಸ್ವಲ್ಪ ಕಡಿಮೆ, ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದು. ಆದರೆ ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದನ್ನೇ ಮಾಡಿಸಿ. ಜಾಹೀರಾತು ನೋಡಿ ಹಟ ಮಾಡಬೇಡಿ.

ಆಪರೇಷನ್ ಮುಗಿದ ಮೇಲೆ ಮೂತ್ರ ಸಲೀಸಾಗಿ ಹೋಗಬೇಕು. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಕೆಲವರಿಗೆ ಕಟ್ಟಿಕೊಳ್ಳುತ್ತದೆ, ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ವಯಸ್ಸಾದ ಗಂಡಸರಿಗೆ ಇನ್ನೂ ಜಾಸ್ತಿ. ಅದೇ ದಿನ ಮನೆಗೆ ಕಳಿಸುವುದು ಈಗ ಮಾಮೂಲು. ನಾನು ಮಾತ್ರ ಅರವತ್ತು ದಾಟಿದವರನ್ನು ಒಂದು ರಾತ್ರಿ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ರಾತ್ರಿ ಹೊಟ್ಟೆ ಹಿಡಿದುಕೊಂಡು ವಾಪಸ್ ಬರುವ ಪಾಡು ಬೇಡ.

ಮೊದಲ ಮೂರು ದಿನ ನೋವು ಇರುತ್ತೆ, ಮುಖ್ಯವಾಗಿ ಹಾಸಿಗೆಯಿಂದ ಏಳುವಾಗ. ನೆಟ್ಟಗೆ ಎದ್ದು ಕೂರಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಕೆಮ್ಮುವಾಗ, ಸೀನುವಾಗ ಗಾಯದ ಮೇಲೆ ಅಂಗೈ ಒತ್ತಿ ಹಿಡಿಯಿರಿ. ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ನುಂಗಿ. ತಡಕೊಂಡು ಮಲಗಿದರೆ ನಡೆಯುವುದು ನಿಂತುಹೋಗುತ್ತೆ.

ಎರಡು ಮೂರನೇ ದಿನ ವೃಷಣದ ಚೀಲ ಊದಿ, ನೀಲಿ ಕಪ್ಪಾಗಬಹುದು. ಅದನ್ನು ನೋಡಿ ನಡುರಾತ್ರಿ ಫೋನ್ ಮಾಡುವವರು ಬಹಳ. ಒಳಗೆ ಜಿನುಗಿದ ರಕ್ತ ಕೆಳಕ್ಕೆ ಇಳಿಯುತ್ತದೆ, ಅಷ್ಟೇ. ಬಿಗಿಯಾದ ಚಡ್ಡಿ ಹಾಕಿ, ಎರಡು ಮೂರು ವಾರದಲ್ಲಿ ಹೋಗುತ್ತೆ. ಆದರೆ ನೋಡನೋಡುತ್ತಾ ಊತ ಏರುತ್ತಿದ್ದರೆ ತೋರಿಸಿ. ಗಾಯದ ಕೆಳಗೆ ಗಟ್ಟಿಯಾದ ಏಣು ಕೈಗೆ ಸಿಗುತ್ತದೆ. ಅದು ಹರ್ನಿಯಾ ಮತ್ತೆ ಬಂದದ್ದಲ್ಲ. ಗಾಯದ ಸುತ್ತ ಜೋಮು ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ಹೋಗುವುದೇ ಇಲ್ಲ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳಾದರೂ ನೋವು ಉಳಿಯುತ್ತದೆ. ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳಬೇಕು. ಹೇಳದೆ 'ಏನೂ ಆಗಲ್ಲ' ಅನ್ನುವವರ ಹತ್ತಿರ ಇನ್ನೆರಡು ಪ್ರಶ್ನೆ ಕೇಳಿ.

ಇನ್ನು ಅಂಗಡಿ. ಒಂದು ವಾರಕ್ಕೆ ಗಲ್ಲಾದಲ್ಲಿ ಕೂರಬಹುದು. ಭಾರ ಮಾತ್ರ ಎತ್ತಬೇಡಿ. 25 ಕೆ.ಜಿ. ಅಕ್ಕಿ ಮೂಟೆ, 20 ಲೀಟರ್ ನೀರಿನ ಕ್ಯಾನ್, ಗ್ಯಾಸ್ ಸಿಲಿಂಡರ್ ಇವನ್ನು ಆರು ವಾರ ಮುಟ್ಟಬೇಡಿ. ಇಷ್ಟು ದಿನ ಬೇಕಿಲ್ಲ ಅನ್ನುವ ಸರ್ಜನ್‌ಗಳೂ ಇದ್ದಾರೆ, ನಾನು ಒಪ್ಪುವುದಿಲ್ಲ. ನಿಮ್ಮದು ದಿನಾ ಮೂಟೆ ಎತ್ತುವ ಕೆಲಸ. ಸ್ಕೂಟರ್ ಎರಡು ವಾರದ ಮೇಲೆ. ಗಕ್ಕನೆ ಬ್ರೇಕ್ ಒತ್ತಿ ಕಾಲೂರಿದರೆ ನೋವಾಗಬಾರದು, ಅದೇ ಅಳತೆ. ಸೆಂಟರ್ ಸ್ಟ್ಯಾಂಡ್ ಹಾಕುವ ಕೆಲಸ ಬೇರೆಯವರಿಗೆ ಬಿಡಿ. ಮಲ ವಿಸರ್ಜನೆಗೆ ತಿಣುಕಬೇಡಿ. ನೀರು, ಸೊಪ್ಪು ಜಾಸ್ತಿ ಇರಲಿ, ಬೇಕಾದರೆ ಡಾಕ್ಟರ್ ಹತ್ತಿರ ಔಷಧಿ ಕೇಳಿ ತಗೊಳ್ಳಿ.

ಜ್ವರ, ಗಾಯದಲ್ಲಿ ಕೀವು, ಮೂತ್ರ ಕಟ್ಟುವುದು, ನಿಲ್ಲದ ವಾಂತಿ, ಮೀನಖಂಡದ ಊತ, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದಾದರೂ ಬಂದರೆ ಆಗ ಫೋನ್ ಮಾಡಿ. ಎಷ್ಟು ಹೊತ್ತಾಗಿದ್ದರೂ ಸರಿ.

ಆಪರೇಷನ್ ಇಲ್ಲದೆ ಎಣ್ಣೆ, ಬೆಲ್ಟ್‌ನಿಂದ ವಾಸಿ ಮಾಡ್ತೀವಿ ಅಂತ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಪೋಸ್ಟರ್ ಇದೆ. ಹೋಗಬಹುದಾ?

ಬೇಡ. ಟೈರ್ ಹರಿದು ಟ್ಯೂಬ್ ಹೊರಗೆ ಬಂದಾಗ ಮೇಲೆ ಎಣ್ಣೆ ತಿಕ್ಕಿದರೆ ಟೈರ್ ಕೂಡಿಕೊಳ್ಳುತ್ತಾ? ಬೆಲ್ಟ್ ಉಬ್ಬನ್ನು ಒತ್ತಿ ಹಿಡಿಯುತ್ತದೆ, ತೂತು ಹಾಗೇ ಇರುತ್ತದೆ. ಇನ್ನು ಉಬ್ಬನ್ನು ತಿಕ್ಕಿ ಒಳಗೆ ತಳ್ಳುವ ನಾಟಿ ವೈದ್ಯರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಕರುಳು ಸಿಕ್ಕಿಕೊಂಡರೆ ಉಬ್ಬು ಗಟ್ಟಿಯಾಗುತ್ತೆ, ಒಳಗೆ ಹೋಗಲ್ಲ, ನೋವು, ವಾಂತಿ ಶುರುವಾಗುತ್ತೆ. ಆಗ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಬಹುದು. ಆ ಹೊತ್ತನ್ನು ಇವರ ಮಂಚದ ಮೇಲೆ ಕಳೆದು ಬಂದವರ ಕರುಳು ಕತ್ತರಿಸಬೇಕಾಗುತ್ತದೆ. ದುಡ್ಡಿನ ಚಿಂತೆಯಾದರೆ ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗೆ ಹೋಗಿ.

ನೋವೇ ಇಲ್ಲ. ಆಪರೇಷನ್ ಬೇಕೇ ಬೇಕಾ?

ನೋವು, ತೊಂದರೆ ಇಲ್ಲದ ಗಂಡಸರು ಡಾಕ್ಟರಿಗೆ ತೋರಿಸುತ್ತಾ ಕಾಯಬಹುದು. ತೊಡೆಸಂದಿನ ಹರ್ನಿಯಾ ಇರುವ ಹೆಂಗಸರು ಕಾಯಬೇಡಿ, ಕರುಳು ಸಿಕ್ಕಿಕೊಳ್ಳುವ ಭಯ ಅವರಿಗೆ ಜಾಸ್ತಿ.

ತೊಗರಿಬೇಳೆ, ಬದನೆಕಾಯಿ ನಂಜು, ಕೀವಾಗುತ್ತೆ ಅಂತಾರೆ.

ಆಗಲ್ಲ. ಬೇಳೆ ಸಾರು ಊಟ ಮಾಡಿ, ಗಾಯ ಮಾಯಲು ಬೇಳೆ ಬೇಕು.

ಮೆಶ್ ಒಳಗೆ ಕರಗಿ ವಿಷ ಆಗುತ್ತಾ?

ಮಾಮೂಲಿ ಮೆಶ್ ಪಾಲಿಪ್ರೊಪಿಲೀನ್ ದಾರದ್ದು, ಕರಗುವುದಿಲ್ಲ. ಅದರೊಳಗೆ ನಿಮ್ಮದೇ ಮಾಂಸ ಬೆಳೆದು ಬಲ ಬರುತ್ತದೆ. ಬರೀ ಹೊಲಿಗೆ ಹಾಕುತ್ತಿದ್ದ ಕಾಲಕ್ಕೆ ಹೋಲಿಸಿದರೆ ಹರ್ನಿಯಾ ಮತ್ತೆ ಬರುವುದು ಬಹಳ ಕಮ್ಮಿಯಾಗಿದೆ.

ಆರು ತಿಂಗಳ ಮಗುವಿಗೆ ಹೊಕ್ಕುಳು ಉಬ್ಬಿದೆ. ನಾಣ್ಯ ಇಟ್ಟು ಬಟ್ಟೆ ಕಟ್ಟು ಅಂತಾರೆ ಅತ್ತೆ.

ಕಟ್ಟಬೇಡಮ್ಮ, ಚರ್ಮ ಹುಣ್ಣಾಗುತ್ತೆ. ಹೊಕ್ಕುಳಿನದು ಹೆಚ್ಚಿನ ಮಕ್ಕಳಿಗೆ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಉಬ್ಬು ತೊಡೆಸಂದಿನಲ್ಲಿ ಕಂಡರೆ ಅದು ಬೇರೆ ಕತೆ. ತಾನಾಗಿ ಮುಚ್ಚುವುದಿಲ್ಲ. ಈ ವಾರವೇ ಮಕ್ಕಳ ಸರ್ಜನ್‌ಗೆ ತೋರಿಸಿ.